ಹನ್ನೆರಡು ನೀಲಿ ಶರ್ಟು

ನಗ್ತೀರಲ್ಲ ಮಾಸ್ಟ್ರೇ! ಹನ್ನೆರಡು ಅಂದ್ರೆ ಹನ್ನೆರಡೇ. ನನಗೇನು ತಲೆ ಕೆಟ್ಟಿಲ್ಲ. ಬ್ಯಾಂಡ್ ಸೆಟ್ಟೂ ಕಟ್ತಿಲ್ಲ. ಎಲ್ಲಾ ನಮ್ಮ ದೊರೆಗೇ. ಅದೇ ನೀಲಿ, ಅದೇ ಬಟ್ಟೆ, ಅದೇ ಅರ್ಧ ತೋಳು... ಬೇರೆ ಬಣ್ಣವಾ? ನೀವೇ ಹೇಳಿ ನೋಡಿ ಅವನಿಗೆ! ಅಗೋ, ನಿಮ್ಮ ಹೊಲಿಗೆ ಮೆಷಿನ್ ಪಕ್ಕದಲ್ಲೇ ಕೂತಿದಾನಲ್ಲ. ಧೈರ್ಯ ಇದ್ರೆ ಹೇಳಿ!

ತುಳೀತಾ ಇರಿ, ತುಳೀತಾ ಇರಿ. ಮೆಷಿನ್ ಮಾತ್ರ ನಿಲ್ಲಿಸ್ಬೇಡಿ. ಆ ಚಕ್ರ ತಿರುಗ್ತಾ ಇದ್ರೆ ಸಾಕು ನನ್ನ ಮಗನಿಗೆ, ಊಟಾನೂ ಬೇಡ. ನೋಡಿ, ಮೂವತ್ತು ದಾಟಿದ ಗಂಡಸು, ಅದರ ಜೊತೆ ಹಿಂದೆ ಮುಂದೆ ತೂಗ್ತಾ ಹೇಗೆ ಕೂತಿದಾನೆ! ಮನೇಲಿ ನಾನು ಕುಕ್ಕರ್ ಇಟ್ರೆ ಕಿವಿ ಮುಚ್ಕೊಂಡು ಮಂಚದ ಕೆಳಗೆ ಹೋಗ್ತಾನೆ. ನಿಮ್ಮ ಈ ಗಡಗಡ ಮಾತ್ರ ಅವನಿಗೆ ಸಂಗೀತ.

ಯಾಕೆ ಅಷ್ಟೊಂದು ಅಂದ್ರೆ... ಆ ಬಟ್ಟೆ ಬರೋದು ನಿಲ್ಲುತ್ತಂತೆ. ಅಂಗಡಿಯೋನೇ ಹೇಳ್ದ. ಅದಕ್ಕೇ ಇಡೀ ಥಾನು ಹೊತ್ಕೊಂಡು ಬಂದುಬಿಟ್ಟೆ... ಯಾವ ಅಂಗಡಿಯಾ? ಯಾವುದೋ ಒಂದು! ನೀವೇನು ಟೈಲರಾ, ಪೊಲೀಸಾ?

ಒಂದ್ಸಲ ನನ್ನ ತಂಗಿ ರೆಡಿಮೇಡ್ ತಂದಿದ್ಲಲ್ಲ, ನೆನಪಿದೆಯಾ? ಹಳದಿ ಚೌಕಳಿ. ಪಾಪ, ಪ್ರೀತಿಯಿಂದಾನೇ ತಂದ್ಲು. ಕತ್ತಿನ ಹಿಂದೆ ಅದೊಂದು ಲೇಬಲ್ಲು... ನಮಗೆ ಗೊತ್ತೇ ಆಗಲ್ಲ, ಅವನಿಗೆ ಚೇಳು ಕಡಿದ ಹಾಗೆ. ಗುಂಡಿ ಕಿತ್ತ, ಕಾಲರ್ ಕಿತ್ತ, ಕತ್ತೆಲ್ಲ ರಕ್ತ ಬರೋ ಹಾಗೆ ಪರಚ್ಕೊಂಡ. ಅವಳ ಗಂಡ ಬಾಗಿಲಲ್ಲೇ ನಿಂತು 'ಹುಚ್ಚು ಜಾಸ್ತಿ ಆಯ್ತು' ಅಂದ. ಹುಚ್ಚಂತೆ! ಡಾಕ್ಟರು ಆಟಿಸಂ ಅಂತ ಇವನು ಚಿಕ್ಕೋನಿದ್ದಾಗಲೇ ಹೇಳಿದ್ರು. ಬಾಯಲ್ಲಿ ಮಾತಿಲ್ಲ, ಅಷ್ಟೇ. ಕಿವಿಗೆ ಎಲ್ಲಾ ಬೀಳುತ್ತೆ. ನನಗೆ ಬಂದ ಸಿಟ್ಟಿಗೆ ಅವತ್ತು ತಂಗಿ ಗಂಡನ ಕೊರಳಪಟ್ಟಿ ಹಿಡೀಬೇಕಿತ್ತು. ಆದ್ರೆ ಏನು ಮಾಡೋದು, ನಾಳೆ ಅವನ ಮನೆ ಬಾಗಿಲಿಗೇ ಹೋಗ್ಬೇಕಲ್ಲ...

ಏನಿಲ್ಲ. ಏನಿಲ್ಲ ಅಂದೆ! ಬಾಯಿ ತಪ್ಪಿ ಬಂತು.

ಹಾಂ, ಅಳತೆ. ಕೇಳಿ. ನಾಲ್ಕು ಈಗಿನ ಅಳತೆಗೆ. ನಾಲ್ಕು ಸ್ವಲ್ಪ ದೊಗಳೆ. ಇನ್ನು ನಾಲ್ಕು... ಇನ್ನೂ ಸ್ವಲ್ಪ, ಹೊಟ್ಟೆ ಹತ್ರ ಬಿಟ್ಟು. ಯಾಕೆ ಹಾಗೆ ನೋಡ್ತೀರಾ? ವಯಸ್ಸಾದ ಹಾಗೆ ಹೊಟ್ಟೆ ಬರಲ್ವಾ? ನಿಮಗೆ ಬಂದಿಲ್ವಾ? ಅವನೇನು ಜೀವಮಾನವೆಲ್ಲಾ ಹೀಗೇ ಕಡ್ಡಿ ಥರ ಇರ್ತಾನಾ?... ಆಗ ಬಂದು ಹೊಲಿಸ್ಕೋಬಹುದು, ನಿಜ. ಬರ್ತೀವಿ. ಬರದೆ ಏನು. ಆದ್ರೂ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋಕಾಗುತ್ತಾ?... ಅಯ್ಯೋ, ಯಾರ ಮನೆಗೂ ಬಿದ್ದಿಲ್ಲ ಮಾರಾಯ್ರೇ, ಗಾದೆ ಹೇಳ್ದೆ! ನಿಮ್ಮ ಹತ್ರ ಗಾದೆ ಹೇಳೋದೂ ತಪ್ಪು.

ಇನ್ನೊಂದು. ಈ ಸಲ ಗುಂಡಿ ಬೇಡ. ಅಂದ್ರೆ, ಮೇಲೆ ನೋಡೋಕೆ ಅದೇ ಬಿಳಿ ಗುಂಡಿ ಇರ್ಲಿ, ಇಲ್ದಿದ್ರೆ ಮುಟ್ಟೋದೂ ಇಲ್ಲ. ಒಳಗೆ ಟಿಚ್ ಬಟನ್. ಒತ್ತಿದ್ರೆ ಕೂರ್ಬೇಕು. ಅವನೇ ಹಾಕ್ಕೊಳ್ಳಲಿ. ಎಷ್ಟು ದಿನ ಅಂತ ಅಪ್ಪನ ಕೈಯೇ ಬೇಕು? ಅವರಮ್ಮ ಹೋದಾಗಿಂದ ಬೆಳಿಗ್ಗೆ ಎದ್ದು ಕತ್ತೆತ್ತಿ ನನ್ನ ಮುಂದೆ ನಿಂತ್ಕೊಂಡುಬಿಡ್ತಾನೆ, ರಾಜನ ಹಾಗೆ. ಹಾಕಪ್ಪಾ ಗುಂಡಿ ಅಂತ. ದೊರೆ ಅಂತ ಸುಮ್ನೆ ಕರೀತೀನಾ?

ಈಗ ಅದರ ಜೊತೆ ಹೊಸದೊಂದು ಅಭ್ಯಾಸ ಬೇರೆ. ನನ್ನ ಬೆನ್ನ ಹಿಂದೆ ಬಂದು ಶರ್ಟನ್ನ ಮುಷ್ಟೀಲಿ ಹಿಡ್ಕೊಂಡು ನಿಲ್ತಾನೆ. ಪಾತ್ರೆ ತೊಳೀತಿದ್ರೂ ಸರಿ, ಹಲ್ಲುಜ್ಜುತಿದ್ರೂ ಸರಿ. ಬಿಡೋ ಅಂದ್ರೆ ಬಿಡಲ್ಲ. ನೆನ್ನೆ ಬೈದೂಬಿಟ್ಟೆ.

ನನಗಾ? ನನಗೆ ಶರ್ಟ್ ಬೇಡ... ಇದು ದೊಗಳೆ ಆಗಿದೆಯಾ? ಆಗ್ಲಿ ಬಿಡಿ! ಇಷ್ಟು ವರ್ಷ ಬಸ್ಸಿನ ಡ್ರೈವರ್ ಸೀಟಲ್ಲಿ ಕೂತು ಬೆಳೆಸಿದ ಹೊಟ್ಟೆ, ರಿಟೈರ್ ಆದ್ಮೇಲೆ ಇಳೀತು. ಒಳ್ಳೇದೇ ಅಲ್ವಾ? ವಾಕಿಂಗ್ ಮಾಡ್ತೀನಿ... ಹೌದು, ವಾಕಿಂಗೇ. ಆಣೆ ಯಾಕೆ ಮಾಸ್ಟ್ರೇ ಅಷ್ಟಕ್ಕೆಲ್ಲ? ಏ... ಯಾಕೆ ಏಳ್ತಿದೀರಾ? ಟೇಪ್ ಯಾಕೆ? ನನಗೆ ಬೇಡ ಅಂದೆನಲ್ಲ, ಬಿಡಿ... ಬಿಡಿ ಅಂದ್ರೆ...

ಬೆನ್ನ ಹಿಂದೆ ಶರ್ಟ್ ಯಾಕೆ ಹಿಡ್ಕೊಂಡ್ರಿ? ಎಷ್ಟು ಬಟ್ಟೆ ಸಿಕ್ತು ಕೈಗೆ?

ಹೇಳಿ.

ಮಾಸ್ಟ್ರೇ... ಅದೇ ಜಾಗ. ಅವನೂ ಅಲ್ಲೇ ಹಿಡ್ಕೊಳ್ಳೋದು. ಹೀಗೇ, ಮುಷ್ಟಿ ತುಂಬಾ. ಅಯ್ಯೋ ದೇವರೇ... ನಾನು ಕರಗ್ತಿರೋದು ಅವನ ಕೈಗೆ ಮೊದಲೇ ಗೊತ್ತಾಗಿದೆ, ನಾನು ಅಭ್ಯಾಸ ಅಂದ್ಕೊಂಡೆನಲ್ಲ! ಬೈದೆನಲ್ಲ ಮಗೂನ!

ಹಾಗೆ ನೋಡ್ಬೇಡಿ ಮಾಸ್ಟ್ರೇ. ಸರಿ. ಹೌದು. ಅಂಗಡಿಯೋನು ಏನೂ ಹೇಳಿಲ್ಲ. ಹೇಳಿದ್ದು ದೊಡ್ಡಾಸ್ಪತ್ರೆಯೋರು. ಮೆಲ್ಲಗೆ... ಅವನ ಕಿವಿಗೆ ಬೀಳಬಾರದು. ನಾನು ಬಹಳ ದಿನ ಇರಲ್ವಂತೆ. ತಂಗಿ ನೋಡ್ಕೋತೀನಿ ಅಂದಿದಾಳೆ. ಶರ್ಟ್ ಸರಿಯಾಗಿದ್ರೆ ಇವನು ಪರಚ್ಕೊಳ್ಳಲ್ಲ. ಪರಚ್ಕೊಳ್ದೆ ಇದ್ರೆ ಅವಳ ಗಂಡ ಹೊರಗೆ ಹಾಕಲ್ಲ. ನನ್ನ ಕೈಲಾಗೋದು ಇಷ್ಟೇ, ಶರ್ಟು. ಭಯ ಆಗುತ್ತೆ ಮಾಸ್ಟ್ರೇ. ಸಾಯೋದಕ್ಕಲ್ಲ... ಬೆಳಿಗ್ಗೆ ಕತ್ತೆತ್ತಿ ನಿಂತ್ಕೋತಾನಲ್ಲ, ಯಾರೂ ಬರದಿದ್ರೆ ಸಂಜೆವರೆಗೂ ಹಾಗೇ ನಿಂತಿರ್ತಾನೆ.

ಅಯ್ಯೋ, ಮೆಷಿನ್ನು! ನಿಲ್ಲಿಸ್ಬೇಡಿ ಅಂದಿದ್ನಲ್ಲ! ನೋಡಿ, ತೂಗೋದು ನಿಂತುಹೋಯ್ತು. ನನ್ನನ್ನೇ ನೋಡ್ತಿದಾನೆ. ಹೋಗಿ, ಕೂತ್ಕೊಂಡು ತುಳೀರಿ. ಕಣ್ಣು ಆಮೇಲೆ ಒರೆಸ್ಕೊಳ್ಳಿ, ಮೊದಲು ತುಳೀರಿ...

ಎದ್ದ. ಇಲ್ಲಿಗೇ ಬರ್ತಿದಾನೆ.

ಬಾ ದೊರೆ. ಏನಿಲ್ಲ, ಏನಿಲ್ಲ, ಬಾ... ಮಾಸ್ಟ್ರೇ, ನನ್ನ ಬೆನ್ನಿಂದ ಕೈ ತೆಗೀರಿ. ಅದು ಅವನು ಹಿಡ್ಕೊಳ್ಳೋ ಜಾಗ.