ಎರಡು ಸೆಕೆಂಡಿನ ಪಾಸು

ಭಾಲ್ಕಿ ಬಸ್ ನಿಲ್ದಾಣದಲ್ಲಿ ಜನ ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದ್ ಬಸ್ಸಿಗೆ ಕಾದಿದ್ದರು. ಕಾಶೀರಾಮ ಕಾಯುತ್ತಿದ್ದುದು ಔರಾದ ಬಸ್ಸಿಗೆ. ಪಕ್ಕದ ಬೆಂಚಿನಲ್ಲಿ ಲ್ಯಾಪ್‌ಟಾಪ್ ಹಿಡಿದ ಹುಡುಗಿಯನ್ನು ಅವಳ ಮೇಲಧಿಕಾರಿ ಯಾವ ಹಳ್ಳಿಗೆ ನೀರಿನ ಟ್ಯಾಂಕರ್ ಬೇಕೆಂದು ಪಟ್ಟಿ ಮಾಡುವ ಪ್ರೋಗ್ರಾಂ ಬಗ್ಗೆ ವಿಚಾರಿಸುತ್ತಿದ್ದರು.

“ಹಮೀದಾ ಮೇಡಂ, ನಿನ್ನಿತನಕ ಟ್ಯಾಂಕರ್ ಪಟ್ಟಿ ಟೆಸ್ಟ್ ಎರಡ ಸೆಕೆಂಡಿಗಿ ಪಾಸ್ ಆಗ್ತಿತ್ತಲ್ರೀ?”

“ಪಟ್ಟಿ ಬಾವಿ ನೀರಿಗಿ ಹೊಂದತದೇನಂತ ನೋಡೋ ಟೆಸ್ಟ್ ನಡದೇ ಇಲ್ರಿ, ವೈಜಿನಾಥ ಸರ್. ಬಾವಿ ಅಳತಿ ಬದಲಾದ್ರೂ ಕಂಪೈಲ್ ಆಗಿ ಹೊಸ ಲೆಕ್ಕ ಬರ್ತಿರಲಿಲ್ಲ. ಕಂಪ್ಯೂಟರ್ ತನ್ನ ಕ್ಯಾಶ್‌ನಾಗ ಉಳಿಸಿಟ್ಟಿದ್ದ ಹೋದ ವರ್ಷದ ಉತ್ತರಾನೇ ತೋರಸ್ತಿತ್ತು. ಅದನ್ನ ಸರಿ ಮಾಡೀನಿ.”

“ಹೋದ ವರ್ಷ ಮಳಿ ಛಲೋ ಇತ್ತು.”

“ಅದಕ್ಕ ಪಾಸ್ ಆಗಿತ್ರಿ. ಈಗ ಔರಾದ ಕಡಿ ನಲವತ್ತ ಹಳ್ಳಿ ಫೇಲ್, ಎಲ್ಲಾ ಕೆಂಪು. ಬಾವಿ ಒಣಗ್ಯಾವ, ನಮ್ಮ ಪಟ್ಟಿ ಟ್ಯಾಂಕರ್ ಬ್ಯಾಡ ಅಂತದ.”

“ಮಧ್ಯಾಹ್ನ ಬೀದರ್‌ನಾಗ ಡಿಸಿ ಸಾಹೇಬ್ರಿಗಿ ತೋರಸೂದದ. ಹಳೀ ಕ್ಯಾಶ್ ತಿರಗಿ ಹಾಕ್ರಿ.”

“ಅಳಿಸಿಬಿಟ್ಟೀನ್ರಿ.”

ವೈಜಿನಾಥ ಬೀದರ್ ಬಸ್ಸು ಬಂದಾಗ ಎದ್ದರು.

“ಸಾಹೇಬ್ರಿಗಿ ಕೆಂಪು ಕಂಡ್ರ ಸಿಟ್ಟ ಬರ್ತದ. ಬಣ್ಣಾನಾದ್ರೂ ಹಸಿರು ಮಾಡ್ಲಿಕ್ಕ ಬರ್ತದೇನ್ರಿ?”

“ಬರ್ತದ್ರಿ. ನೀವು ನಲವತ್ತೂ ಹಳ್ಳಿ ಹೆಸರು ಓದ್ರಿ, ನಾ ಟ್ಯಾಂಕರ್ ಪಟ್ಟಿಗಿ ಸೇರಸ್ತೇನಿ. ಬೀದರ್ ಮುಟ್ಟೂದ್ರಾಗ ಹಸಿರಾಗ್ತದ.”

ಇಬ್ಬರನ್ನೂ ಹತ್ತಿಸಿಕೊಂಡು ಬಸ್ಸು ಹೊರಟಿತು. ಕಿಟಕಿಯಿಂದ ವೈಜಿನಾಥ ಒಲ್ಲದ ದನಿಯಲ್ಲಿ ಮೊದಲ ಹೆಸರು ಓದುವುದು ಕಾಶೀರಾಮನಿಗೆ ಕೇಳಿಸಿತು.