ಅಜ್ಜಿಯನ್ನು ಹೊತ್ತ ಹಲಗೆ

ಸಭೆಗೆ ಬಂದಿರುವ ಹಿರಿಯರಿಗೆ, ದೋಣಿಯವರಿಗೆ, ನಮ್ಮ ರಿಪೇರಿ ಶೆಡ್ಡಿನವರಿಗೆ ನಮಸ್ಕಾರ. ಗುಡುಗಣ್ಣನನ್ನು ಕಳೆದುಕೊಂಡು ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆ — ನಿಮಗೆ ಬೇರೆಯಾಗಿಯೇ ಕೈಮುಗಿಯುತ್ತೇನೆ.

ಇವತ್ತು ನನ್ನ ಉಪವಾಸ. ಬೆಳಗ್ಗೆ ಎದ್ದು ಅಂಗಳ ಗುಡಿಸಿ, ನೀರು ತುಂಬಿ, ಪಾತ್ರೆ ತೊಳೆದು, ದೇವರಿಗೆ ದೀಪ ಹಚ್ಚಿ, ಶೆಡ್ಡಿನ ಬಾಗಿಲು ತೆಗೆದಿಟ್ಟು ಬಂದಿದ್ದೇನೆ. ಉಪವಾಸದ ದಿನ ಬಾಯಲ್ಲಿ ಕೆಟ್ಟ ಮಾತು ಬರಬಾರದು ಎಂದು ಅಮ್ಮ ಕಲಿಸಿದ್ದರು. ಪ್ರಯತ್ನ ಮಾಡುತ್ತೇನೆ. — ಮಾತು ಕೊಡಲಾರೆ.

ನನಗಿಂತ ಮೊದಲು ದೋಣಿ ಓಟದ ಸಂಘದ ಕಾರ್ಯದರ್ಶಿಗಳು ಮಾತಾಡಿದರು. ಹೋದವರು ಶಾಂತಮೂರ್ತಿಯಂತೆ. ಮಿತಭಾಷಿಯಂತೆ. ಯಾರು, ನಮ್ಮ ಗುಡುಗಣ್ಣನಾ? ಆ ಮನುಷ್ಯ ಶೆಡ್ಡಿನಲ್ಲಿ ಸ್ಪ್ಯಾನರ್ ಕೇಳಿದರೆ ಆಚೆ ದಡದವರು ತಂದುಕೊಡಬೇಕು, ಅಷ್ಟು ಗಂಟಲು. ನಗಬೇಡಿ — ಅಲ್ಲ, ನಗಿ ಪರವಾಗಿಲ್ಲ, ಅವರೂ ನಗುತ್ತಿದ್ದರು. ಜಂಭದ ಮನುಷ್ಯ. ಮೂಗಿನ ತುದಿಯಲ್ಲಿ ಕೋಪ. ಆದರೂ ಒಳ್ಳೆಯವರು. ಸತ್ತ ಮೇಲೆ ಅವರಿಗೆ ಬೇರೆಯವರ ಗುಣ ತೊಡಿಸಿ ಕಳಿಸುವುದು ಬೇಡ.

ದೋಣಿಯ ಹಿಂದೆ ಕಟ್ಟುವ ಮೋಟಾರು ಅವರಿಗೆ ಪ್ರಾಣ. ನಾನು ಕಾರ್ಬುರೇಟರ್ ತೊಳೆಯುತ್ತೇನೆ, ಎಣ್ಣೆ-ಪೆಟ್ರೋಲು ಬೆರೆಸುತ್ತೇನೆ. ಪಕ್ಕದ ಮೇಜಿನಲ್ಲಿ ಅವರು. ಯಾರಾದರೂ ಹಳೇ ಮೋಟಾರು ತಂದು, "ಗುಡುಗಣ್ಣಾ, ಇದ್ರ ಸ್ಪೀಡ್ ಸ್ವಲ್ಪ ಜಾಸ್ತಿ ಮಾಡಿಕೊಡು" ಅಂದರೆ ಸಾಕು, ಶುರು.

"ಸ್ಪೀಡ್ ಬೇಕಾ? ಮೊದ್ಲು ದೋಣಿ ತಳದಲ್ಲಿರೋ ಪಾಚಿ ಉಜ್ಜು. ಆಮೇಲೆ ಒಳಗಿರೋ ಕಸ ತೆಗಿ. ಆಮೇಲೂ ಸಾಲ್ದಿದ್ರೆ ನಿನ್ ಭಾವನ್ನ ಕೆಳಗಿಳಿಸು — ಅವನೊಬ್ಬನೇ ಎರಡು ಮೂಟೆ ಇದ್ದಾನೆ!"

ಅಷ್ಟಂದು, ಮಸಿ ತೆಗೆದು, ಹೊಸ ಪ್ಲಗ್ ಹಾಕಿ, ಹಗ್ಗ ಎಳೆದು, ಮುಚ್ಚಳದ ಮೇಲೆ ಹೀಗೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದರು. ಬೇರೆಯವರ ಮೋಟಾರಿಗೆ ಅಷ್ಟೇ. ಅದಕ್ಕಿಂತ ಹೆಚ್ಚು ಹಿಂಡುತ್ತಿರಲಿಲ್ಲ.

ತಮ್ಮ ಮೋಟಾರಿಗೆ ಬಂದಾಗ — ಆ ಬುದ್ಧಿ ಎಲ್ಲಿ ಹೋಯಿತೋ ದೇವರೇ ಬಲ್ಲ.

ಅದು ಅವರ ಅಪ್ಪನ ಮೋಟಾರು. ನನಗಿಂತ ಹಿರಿಯದು. ಶೆಡ್ಡಿನಲ್ಲಿ ಎಲ್ಲರೂ ಅದನ್ನು 'ಅಜ್ಜಿ' ಎನ್ನುತ್ತಿದ್ದೆವು. ಹೊಸ ಮೋಟಾರಿನವರು ಒಂದು ದಿನ ಬಂದು ಅದರ ಮುಂದೆ ಮೂಗು ಮುಚ್ಚಿಕೊಂಡರು. "ಸೊಳ್ಳೆ ಓಡ್ಸೋಕೆ ಲಾಯಕ್ಕು" ಅಂದರು. ಅಂದವರು ಇಲ್ಲೇ ಕೂತಿದ್ದೀರಿ. ಇವತ್ತು ಹೂವು ತಂದಿದ್ದೀರಿ.

ಆ ಮಾತು ಅವರಿಗೆ ನಾಟಿತು. "ಅಜ್ಜಿಗೆ ಹರೆಯ ಬರಿಸ್ತೀನಿ ನೋಡ್ತಿರು ತಂಗಿ" ಅಂದರು. "ಅಜ್ಜಿಗೆ ಹರೆಯ ಬಂದ್ರೆ ಮನೆ ಉಳಿಯುತ್ತಾ ಅಣ್ಣ?" ಅಂದೆ. ಕೇಳಲಿಲ್ಲ. ಲೇತ್ ಅಂಗಡಿಗೆ ಹೋಗಿ ಎಂಜಿನ್ನಿನ ತಲೆ ಸವೆಸಿಕೊಂಡು ಬಂದರು, ಒತ್ತಡ ಹೆಚ್ಚಲಿ ಎಂದು. ನೀರು ತಳ್ಳುವ ಫ್ಯಾನು ಬದಲಿಸಿದರು. ಡ್ರಮ್ಮಿಗೆ ನೀರು ತುಂಬಿಸಿ ಅದರಲ್ಲಿ ಓಡಿಸಿ ನೋಡಿದರೆ — ಅಬ್ಬಾ, ಅರ್ಧ ಡ್ರಮ್ಮು ನೀರು ನಮ್ಮ ಮೈಮೇಲೆ! ಕಾರ್ಯದರ್ಶಿಗಳು ಬಂದು ಬೆನ್ನು ತಟ್ಟಿದರು. ಎಲ್ಲರೂ ಎಂಜಿನ್ನಿನ ಸುತ್ತ ನೆರೆದರು. ಅಂಗೈ ಇಟ್ಟರು, ಕಿವಿ ಇಟ್ಟರು.

ಆ ಎಂಜಿನ್ನು ನೇತಾಡುವ ಹಲಗೆಯನ್ನು ಒಬ್ಬರೂ ನೋಡಲಿಲ್ಲ. ದೋಣಿಯ ಹಿಂಬದಿಯ ಹಲಗೆ. ಅಜ್ಜಿಯ ಇಡೀ ಬಲ ತಳ್ಳುವುದು ಅದನ್ನೇ. ಅದು ಒಳಗೆ ನೀರು ಕುಡಿದು ಮೆತ್ತಗಾಗಿತ್ತು. ಒರೆಸುವಾಗ ನನ್ನ ಬೆರಳಿಗೆ ತಿಳಿಯಿತು. ಹೇಳಿದೆ. "ನಿನ್ನ ಬೆರಳು ಬಟ್ಟೆ ಹಿಂಡೋಕೆ ಸರಿ" ಅಂದರು. ಹೌದು, ಹಾಗೆಯೇ ಅಂದರು. ಹೋದವರ ಮೇಲೆ ದೂರು ಹೇಳುತ್ತಿಲ್ಲ, ನಡೆದದ್ದು ಹೇಳುತ್ತಿದ್ದೇನೆ.

ದೋಣಿ ಓಟದ ದಿನ ಅಜ್ಜಿ ಓಡಿತು. ಸುಳ್ಳು ಹೇಳಲಾರೆ, ಎಲ್ಲರನ್ನೂ ಹಿಂದೆ ಹಾಕಿ ಓಡಿತು. ತಿರುವಿನಲ್ಲಿ ಹಲಗೆ ಕಿತ್ತುಬಂದು ಮೋಟಾರು ಒಳಕ್ಕೆ ಮಗುಚಿತು. ಅವರ ಎದೆಯ ಮೇಲೆ. — ಇತ್ತ ದಡದಲ್ಲಿ ಏನು ನಡೆಯುತ್ತಿತ್ತು ಗೊತ್ತಾ? ಚಪ್ಪಾಳೆ. ಅವರನ್ನು ಇನ್ನೂ ನೀರಿನಿಂದ ತಂದಿರಲಿಲ್ಲ. ಮೈಕಿನಲ್ಲಿ, "ಇಷ್ಟು ಹಳೆಯ ಮೋಟಾರಿನ ಇಷ್ಟು ವೇಗ ಇದೇ ಮೊದಲು" ಎಂದು ಕೂಗುತ್ತಿದ್ದರು. ನನಗೆ ಅಂದು ಹೇಸಿಗೆಯಾಯಿತು. ಇವತ್ತಿಗೂ ಊಟಕ್ಕೆ ಕೂತರೆ ಆ ಚಪ್ಪಾಳೆ ಕೇಳುತ್ತದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಇವತ್ತು ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದರೆ — ಹೊಸ ಬಣ್ಣದ ವಾಸನೆ. ಅದೇ ದೋಣಿ. ಅದೇ ಅಜ್ಜಿ, ಕೊರಳಿಗೆ ಹೂಮಾಲೆ. ಪಕ್ಕದಲ್ಲಿ ಹಿಂಬಾಗಿಲಿಂದ ಮೊದಲೇ ಬಂದಿದ್ದ ಗುಡುಗಣ್ಣನ ತಮ್ಮ, ಪೆಟ್ರೋಲು ತುಂಬಿಸುತ್ತಿದ್ದಾರೆ.

"ಏನಪ್ಪಾ ಇದು?"

"ಸಭೆ ಮುಗಿದ ತಕ್ಷಣ ಅಣ್ಣನ ಗೌರವಕ್ಕೆ ಒಂದು ಸುತ್ತು ಅಕ್ಕಾ. ಫುಲ್ ಸ್ಪೀಡಲ್ಲಿ. ಕಾರ್ಯದರ್ಶಿಗಳು ಎಲ್ಲಾ ಏರ್ಪಾಡು ಮಾಡಿದ್ದಾರೆ."

"ಹಲಗೆ?"

"ಕಿತ್ತಿದ್ದ ಕಡೆ ತುಂಡು ಸೇರಿಸಿ ತಗಡು ಹೊಡ್ದಿದ್ದೀನಲ್ಲ."

"ಹುಣ್ಣಿನ ಮೇಲೆ ಪೌಡರ್ ಹಚ್ಚಿದ್ದೀಯ. ಅತ್ತಿಗೇನ ಕೇಳಿದ್ಯಾ?"

"ಅತ್ತಿಗೆಗೆ ಸರ್‌ಪ್ರೈಸ್ ಅಕ್ಕಾ!"

ಅತ್ತಿಗೆ, ಕ್ಷಮಿಸಿ. ನಿಮಗೆ ಈ ಸುದ್ದಿ ಹೀಗೆ ಸಭೆಯಲ್ಲಿ ಹೇಳಬಾರದಿತ್ತು. ಆದರೆ ನೀರಿಗಿಳಿದ ಮೇಲೆ ಹೇಳಿ ಏನು ಮಾಡಲಿ?

ಇಲ್ಲಿ ನೋಡಿ. ಹಿಂದಿನವರಿಗೂ ಕಾಣಲಿ. ನಮ್ಮ ಶೆಡ್ಡಿನ ಸ್ಕ್ರೂಡ್ರೈವರು. ಬೆಳಗ್ಗೆ ಇದರಿಂದ ಆ ತಗಡಿನ ಅಂಚಿನಲ್ಲಿ ಚುಚ್ಚಿದೆ. ಒತ್ತಲಿಲ್ಲ, ಸುಮ್ಮನೆ ಇಟ್ಟೆ; ಹಿಡಿಯವರೆಗೂ ಇಳಿಯಿತು. ತುದಿಗೆ ಅಂಟಿಕೊಂಡಿದೆಯಲ್ಲ, ಕಪ್ಪಗೆ, ಒದ್ದೆ ಒದ್ದೆ — ಇದನ್ನು ಮರ ಅನ್ನುತ್ತೀರಾ? ಮೂಸಿ ನೋಡಿ ಕಾರ್ಯದರ್ಶಿಗಳೇ. ಮುಖ ಯಾಕೆ ತಿರುಗಿಸುತ್ತೀರಿ? ಇದರ ಮೇಲೆ ಕೂರಿಸಿ ಕಳಿಸುತ್ತಿದ್ದೀರಿ ಗುಡುಗಣ್ಣನ ತಮ್ಮನನ್ನು. ಅದಕ್ಕೆ ಶ್ರದ್ಧಾಂಜಲಿ ಅಂತ ಹೆಸರು ಬೇರೆ. ಥೂ! — ಅಮ್ಮಾ, ಕ್ಷಮಿಸು. ಬಂದುಬಿಟ್ಟಿತು.

ಒಂದು ಮನೆಗೆ ಒಂದು ಸಾವು ಸಾಲದೇನು?

ಅಜ್ಜಿಯ ಸದ್ದು ಕೇಳಬೇಕೆಂದು ನಿಮಗೆ ಅಷ್ಟು ಆಸೆಯಿದ್ದರೆ ದೋಣಿಯಿಂದ ಇಳಿಸಿ. ಶೆಡ್ಡಿಗೆ ತನ್ನಿ. ಡ್ರಮ್ಮು ತೊಳೆದು ನೀರು ತುಂಬಿಸಿ ಇಟ್ಟಿದ್ದೇನೆ. ಗಟ್ಟಿ ಸ್ಟ್ಯಾಂಡಿಗೆ ಕಟ್ಟಿ ನಾನೇ ಹಗ್ಗ ಎಳೆಯುತ್ತೇನೆ. ಎಲ್ಲರೂ ಒದ್ದೆಯಾಗೋಣ. ಗುಡುಗಣ್ಣನಿಗೆ ಅದಕ್ಕಿಂತ ಗೌರವ ಇಲ್ಲ. ಇದನ್ನೇ ಬೆಳಗ್ಗೆ ಅವರ ತಮ್ಮನಿಗೆ ಹೇಳಿದೆ. "ಯೋಚ್ನೆ ಮಾಡಿ ಹೇಳ್ತೀನಿ ಅಕ್ಕಾ" ಅಂದರು. ಇನ್ನೂ ಹೇಳಿಲ್ಲ. ಸಭೆಗೂ ಬಂದಿಲ್ಲ, ದೋಣಿಯ ಜೊತೆ ದಡದ ಕಟ್ಟೆಯ ಮೇಲೇ ಇದ್ದಾರೆ.

ಅತ್ತಿಗೆ ಏನೋ ಹೇಳುತ್ತಿದ್ದಾರೆ — ಸ್ವಲ್ಪ ಸದ್ದು ಮಾಡಬೇಡಿ. — ಕೇಳಿಸಿತಾ? "ಇಳಿಸು ಅಂತ ನಾನಂದೆ ಅಂತ ಹೇಳಿ" ಅನ್ನುತ್ತಿದ್ದಾರೆ.

ಬಾಗಿಲ ಬಳಿ ಕೂತಿರುವ ಬಡಗಿಯಣ್ಣ, ನೀವೇ ಹೋಗಿ. ಈ ಸ್ಕ್ರೂಡ್ರೈವರು ಹಿಡಿದುಕೊಳ್ಳಿ. ಅವರ ಕೈಗೇ ಕೊಟ್ಟು, ಅತ್ತಿಗೆಯ ಮಾತು ಹೇಳಿ.

ಉಳಿದವರು ದಯವಿಟ್ಟು ಎದ್ದು ನಿಲ್ಲಿ. ಕಾರ್ಯದರ್ಶಿಗಳೇ, ಗಡಿಯಾರ ನೋಡಬೇಡಿ. ಇವತ್ತು ಮೌನ ನಿಮಿಷದ ಲೆಕ್ಕದ್ದಲ್ಲ. ಬಡಗಿಯಣ್ಣ ತಿರುಗಿ ಬರುವವರೆಗೆ. ಕಿಟಕಿಗಳನ್ನು ತೆರೆದಿಡಿ — ಮೋಟಾರು ಶುರುವಾದರೆ ನಮಗೆಲ್ಲ ಕೇಳಲಿ.

ಹೋಗಿ ಅಣ್ಣ. ಬೇಗ ಹೋಗಿ. ನನಗೆ ಉತ್ತರ ತಂದುಕೊಡಿ.