ಹೊನ್ನೂರವ್ವನ ಹೂವಿನ ಜೇಬು

ಒಂದೂರಿನ ಶ್ರೀಮಂತ ತಾನು ಕಟ್ಟಿಸಿದ ಆಸ್ಪತ್ರೆಯವರಿಗೆಲ್ಲ ಸಮವಸ್ತ್ರ ಹೊಲಿಸಿದ. ಡಾಕ್ಟರರಿಗೆ ಬಿಳಿ ಕೋಟು, ಎರಡು ಜೇಬು. ನರ್ಸುಗಳಿಗೆ ನೀಲಿ ಅಂಗಿ, ಒಂದು ಜೇಬು. ಆಯಾಗಳಿಗೆ ಕಂದು ಅಂಗಿ. ಕದಿಯುತ್ತಾರೆಂದು ಜೇಬು ಇಡಿಸಲಿಲ್ಲ.

ನೋಡಿ, ಅಲ್ಲಿಯವರೆಗೆ ಆಯಾ ಹೊನ್ನೂರವ್ವ ಸೀರೆ ಉಡುತ್ತಿದ್ದಳು. ಆಪರೇಷನ್ನಿಗೆ ಹೋಗುವವರು ಬಿಚ್ಚಿಕೊಟ್ಟ ತಾಳಿ, ಉಂಗುರ, ಕನ್ನಡಕ ಎಲ್ಲ ಅವಳ ಸೆರಗಿನ ಗಂಟಿನಲ್ಲಿ. ಒಂದಾದರೂ ಕಳೆದಿತ್ತೇ? ಇಲ್ಲ. ಈಗ ಸೆರಗೂ ಹೋಯಿತು, ಜೇಬೂ ಬರಲಿಲ್ಲ. ಅಳುತ್ತಾ ಕೂತಳೇ? ಹಳೆಯ ಹೂವಿನ ಸೀರೆ ಹರಿದಳು, ಅಂಗಿಯ ಹೊಟ್ಟೆಯ ಮೇಲೆ ಊಟದ ತಟ್ಟೆಯಷ್ಟು ಅಗಲದ ಜೇಬು ಹೊಲಿದಳು. ವಾರದೊಳಗೆ ಆಯಾಗಳೆಲ್ಲರ ಹೊಟ್ಟೆಯ ಮೇಲೂ ಹೂವು! ವಾರ್ಡು ತೋಟವಾಯಿತು.

ಒಂದು ದಿನ ಶ್ರೀಮಂತನಿಗೇ ಹರ್ನಿಯಾ ಆಪರೇಷನ್. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ತೆಗೆದು ಹೊನ್ನೂರವ್ವನ ಕೈಗಿತ್ತ. ಅವಳು ಸ್ಟ್ರೆಚರ್ ತಳ್ಳಬೇಕು, ಸಲೈನ್ ಬಾಟಲಿಯನ್ನೂ ಹಿಡಿಯಬೇಕು. ಹಲ್ಲು ಹೂವಿನ ಜೇಬಿಗಿಳಿಯಿತು.

ಶ್ರೀಮಂತ ಕಣ್ಣರಳಿಸಿದ. ಜೇಬು ಅನ್ನಲು ಹೋದರೆ ಬೊಚ್ಚು ಬಾಯಿಂದ ಬಂದದ್ದೇ ಬೇರೆ. "ಸೇಬು! ನಿಂಗ್ಯಾರು ಕೊಟ್ರು ಸೇಬು?"

"ಆಪರೇಷನ್‌ಕಿಂತ ಮೊದ್ಲ ಏನೂ ತಿನ್ನಂಗಿಲ್ರಿ ಸಾವ್ಕಾರ್ರ," ಅಂದಳು ಹೊನ್ನೂರವ್ವ. "ಸೇಬು ನಾಳಿಗಿ."

ವಾರ್ಡಿಗೆ ವಾರ್ಡೇ ನಕ್ಕಿತು.

ಮರುದಿನ ಹಲ್ಲು ತೊಳೆದು ಕೊಟ್ಟಳು. ಶ್ರೀಮಂತ ಕೂರಿಸಿಕೊಂಡ. ಈಗ ಮಾತು ಸ್ಪಷ್ಟ: "ಆ ಜೇಬು ಬಿಚ್ಚು. ಇಲ್ಲಾ, ಕೆಲಸ ಬಿಡು."

ನೋಡಿದಿರಾ? ಯಾವ ಜೇಬು ತನ್ನ ಹಲ್ಲು ಕಾಯಿತೋ ಅದೇ ಜೇಬಿನ ಮೇಲೆ ಹಲ್ಲು ಮಸೆದ!

ನೀವು ನಗಬೇಡಿ ತಾಯಂದಿರೇ, ಅಣ್ಣಂದಿರೇ. ಕೂಸನ್ನು ಕೆಲಸದವಳ ಮಡಿಲಿಗೆ ಹಾಕುತ್ತೀರಿ, ಅವಳು ಹೊರಡುವಾಗ ಚೀಲ ಬಿಚ್ಚಿ ನೋಡುತ್ತೀರಿ. ನಿಮಗೆ ಕೂಸಿಗಿಂತ ಚಮಚ ದೊಡ್ಡದೇ? ನಾಳೆಯಿಂದ ಆ ಚೀಲಕ್ಕೆ ಕೈ ಹಾಕಬೇಡಿ. ನೀವು ಕುಡಿಯುವ ಲೋಟದಲ್ಲೇ ಅವಳಿಗೂ ಚಹಾ ಕೊಡಿ. ಹೆಸರು ಹಿಡಿದು, 'ಅವ್ವಾ' ಸೇರಿಸಿ ಕರೆಯಿರಿ. ನಿಮ್ಮ ಅನ್ಯಾಯದ ಮಾತಿಗೆ ಅವಳು ಒಲ್ಲೆ ಎಂದರೆ, ಸಿಟ್ಟಾಗಬೇಡಿ, ನಾಚಿಕೊಳ್ಳಿ.

ಹೊನ್ನೂರವ್ವ ಏನು ಮಾಡಿದಳು ಎನ್ನುತ್ತೀರಾ? ಆ ಕೆಲಸ ಹೋದರೆ ಅವಳಿಗೆ ಇನ್ನೊಂದಿರಲಿಲ್ಲ. ಎರಡೂ ಕೈ ಜೇಬಿಗಿಳಿಸಿ, ಶ್ರೀಮಂತನ ಹಾಸಿಗೆಯ ಮುಂದೆ ನೆಟ್ಟಗೆ ನಿಂತಳು.

"ಬಿಚ್ಚಂಗಿಲ್ರಿ ಸಾವ್ಕಾರ್ರ. ಕೆಲಸಾನೂ ಬಿಡಂಗಿಲ್ರಿ."